ಉತ್ತಮನ ಇಪ್ಪತ್ತೆರಡು ಪೆಟ್ಟು

ಕರೋಶಿಯ ಉಜ್ವಲಾ ಜೈನ ಬಸದಿಗಳ ಪೂಜೆಗೆ ಕೀಬೋರ್ಡ್ ನುಡಿಸುತ್ತಾಳೆ. ಹಾಡುವವನು ಅವಳ ಅಣ್ಣ ಸಮ್ಮೇದ. ಮೊದಲು ಅವರ ಜೊತೆ ದಿಗ್ಗೇವಾಡಿಯ ಉತ್ತಮನೂ ಇದ್ದ, ಢೋಲಕಿ ಬಾರಿಸುವವನು. ಅರ್ಘ್ಯ ಬಿಡಲು ಇನ್ನೆಷ್ಟು ಜನ ಉಳಿದಿದ್ದಾರೆಂದು ಕಣ್ಣಲ್ಲೇ ನೋಡಿಕೊಂಡು, ಅದಕ್ಕೆ ತಕ್ಕಂತೆ ತಾಳ ಎಳೆಯುತ್ತಿದ್ದ.

ಎಂಟು ವರ್ಷದ ಹಿಂದೆ ಉಜ್ವಲಾ ಅರೇಂಜರ್ ಕೀಬೋರ್ಡ್ ಕೊಂಡಳು. ಎಡಗೈಯಲ್ಲಿ ಮೂರು ಕೀ ಒತ್ತಿದರೆ ಢೋಲಕಿ, ತಬಲಾ ಎಲ್ಲ ತಾವೇ ಬರುತ್ತಿದ್ದವು. ಪೂಜೆ ಮಾಡಿಸುವವರು ಮುಂದಿನ ವರ್ಷದಿಂದ ಇಬ್ಬರೇ ಸಾಕು ಎಂದರು. ಉಜ್ವಲಾ ಎದುರಾಡಲಿಲ್ಲ. ಉತ್ತಮ ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೋದ.

ವರ್ಷ ಕಳೆದಂತೆ ಯಂತ್ರದ ಢೋಲಕಿ ಅವಳಿಗೆ ಬೇಸರ ತಂದಿತು. ಹೋದ ಮಳೆಗಾಲದಲ್ಲಿ ನಿಪ್ಪಾಣಿಗೆ ಹೋಗಿ, ವಾದ್ಯದಂಗಡಿಯ ವಿಕ್ರಾಂತನ ಬಳಿ ಬೇರೆ ಬಗೆಯ ಕೀಬೋರ್ಡಾದ ವರ್ಕ್‌ಸ್ಟೇಷನ್ ಕೇಳಿದಳು.

“ಪೂಜಿಗೆ ಅರೇಂಜರ್ರ ಛಲೋರಿ ಅಕ್ಕಾರ,” ಎಂದ ವಿಕ್ರಾಂತ. “ಅದು ನಿಮ್ಮ ಕೈ ಹಿಂದ ಬರತೈತಿ. ಇದರಾಗ ಎಲ್ಲಾ ಮೊದಲ ಮನ್ಯಾಗ ಕುಂತು ಕಟ್ಟಬೇಕು. ರೊಕ್ಕಾನೂ ದುಪ್ಪಟ್ಟು. ಸ್ಟುಡಿಯೋದವರು ಒಯ್ಯೂದು ಇದು.”

“ಒಬ್ಬರ ಢೋಲಕಿ ಕೈ ಇದರಾಗ ತುಂಬಾಕ ಬರತೈತೇನು?”

“ಹಂಗಾರ ಇದ ಬೇಕು. ಒಂದೊಂದ ಪೆಟ್ಟು ರೆಕಾರ್ಡ್ ಮಾಡಿ ತರ್ರಿ, ಹಾಕಿ ಕೊಡತೀನಿ.”

ಮರುವಾರ ಅವಳು ದಿಗ್ಗೇವಾಡಿಗೆ ಹೋದಾಗ ಉತ್ತಮ ದನಗಳಿಗೆ ಮೇವು ಹಾಕುತ್ತಿದ್ದ. ಕೈ ಒರೆಸಿಕೊಂಡು ಎದುರು ಬಂದ.

“ಪೂಜಾ ಬಂದೈತೇನ ಅಕ್ಕಾ?”

“ಇಲ್ಲೊ ಉತ್ತಮ. ನಿನ್ನ ಢೋಲಕಿ ದನಿ ಬೇಕಾಗಿತ್ತು. ಮಷಿನ್ನಾಗ ಹಾಕಾಕ.”

ಅವನು ಒಳಗಿನಿಂದ ಢೋಲಕಿ ತಂದು ಧೂಳು ಒರೆಸಿದ, ಹಗ್ಗ ಬಿಗಿದ. ಅವಳು ಮೊಬೈಲ್ ಹಿಡಿದಳು. ಒಂದೊಂದೇ ಪೆಟ್ಟು, ಒಟ್ಟು ಇಪ್ಪತ್ತೆರಡು.

“ಹಾಡಿಲ್ಲದ ಹಿಂಗ ಎಂದೂ ಬಾರಿಸಿದ್ದಿಲ್ಲ,” ಎಂದ.

ವರ್ಕ್‌ಸ್ಟೇಷನ್ ಮನೆಗೆ ಬಂತು. ಎರಡು ತಿಂಗಳು ಮಧ್ಯಾಹ್ನದ ಹೊತ್ತು ಕುಳಿತು ಆ ಪೆಟ್ಟುಗಳಿಂದ ಉಜ್ವಲಾ ತಾಳ ಕಟ್ಟಿದಳು. ಮೊದಲ ಸಲ ಕೇಳಿದಾಗ, ಬೆನ್ನ ಹಿಂದೆ ಉತ್ತಮನೇ ಕುಳಿತಿದ್ದಾನೆ ಅನ್ನಿಸಿ ಕೈಗಳು ನಿಂತುಬಿಟ್ಟವು.

ದೀಪಾವಳಿ ಕಳೆದು ಕಾಗವಾಡದ ಪೂಜೆಗೆ ಅದನ್ನೇ ಒಯ್ದಳು. ಜನ ಎಣಿಸಿದ್ದಕ್ಕಿಂತ ಹೆಚ್ಚಿದ್ದರು. ಅರ್ಘ್ಯದ ತಾಟು ಹಿಡಿದ ಮುದುಕಿಯೊಬ್ಬಳು ಇನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ, ಕಟ್ಟಿಟ್ಟಷ್ಟು ಬಾರಿಸಿ ಯಂತ್ರ ಸುಮ್ಮನಾಯಿತು. ಸಮ್ಮೇದ ಉಳಿದ ಸಾಲನ್ನು ತಾಳವಿಲ್ಲದೆ ಹಾಡಿ ಮುಗಿಸಿದ.

“ನಾಳಿಗೆ ಹಳೇದ ತಗೊಂಡ ಬಾ,” ಎಂದಷ್ಟೇ ಹೇಳಿದ.

ಅಂದಿನಿಂದ ಪೂಜೆಗೆ ಮತ್ತೆ ಅರೇಂಜರ್ ಹೋಗುತ್ತದೆ. ವರ್ಕ್‌ಸ್ಟೇಷನ್ ಮನೆಯಲ್ಲೇ ಇದೆ.

ಒಮ್ಮೆ ಉತ್ತಮ ಫೋನ್ ಮಾಡಿದ. ಹಿಂದೆ ಟ್ರ್ಯಾಕ್ಟರಿನ ಸದ್ದಿತ್ತು.

“ನನ್ನ ಕೈ ಹೆಂಗ ಕೇಳಸತೈತಿ ಅಕ್ಕಾ?”

“ಛಲೋ ಕೇಳಸತೈತಿ,” ಎಂದಳು. ಬಳಿಕ ಧೈರ್ಯ ಮಾಡಿ ಕೇಳಿದಳು: “ಒಮ್ಮೆ ನೀನ ಬರತೀಯೇನು? ಪೂಜಿಗಲ್ಲ. ಸುಮ್ನ, ಮನಿಗೆ.”

“ಕಬ್ಬಿನ ಸೀಜನ್ ಮುಗೀಲಿ,” ಎಂದ ಉತ್ತಮ.

ಸೀಜನ್ ಮುಗಿದು ತಿಂಗಳಾಯಿತು. ಅವನು ಇನ್ನೂ ಬಂದಿಲ್ಲ. ಮತ್ತೊಮ್ಮೆ ಕರೆಯಲು ಅವಳು ದಿನವೂ ಮೊಬೈಲ್ ಕೈಗೆತ್ತಿಕೊಂಡು, ಕರೆಯದೆ ಕೆಳಗಿಡುತ್ತಾಳೆ.