ಉದ್ದ ಸೊಂಡಿಲು, ಗಿಡ್ಡ ಸೊಂಡಿಲು

ನಮ್ಮನೆಯವಳ ಕೆಲಸ ಏನೆಂದು ಯಾರಾದರೂ ಕೇಳಿದರೆ ಮೊದಲೆಲ್ಲ ನಾನು ಮಾತು ಮರೆಸುತ್ತಿದ್ದೆ. ಹುಳುಗಳಿಗೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವವಳು ಎಂದು ಅವಳ ತವರಿನವರೇ ಹೇಳಿಕೊಳ್ಳದಿರುವಾಗ ನಾನೇನು ಹೇಳಲಿ? ಮ್ಯೂಸಿಯಂನ ಹಿಂಬದಿಯ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತರೆ ಅವಳಿಗೆ ಹಸಿವು ನೀರಡಿಕೆ ಒಂದೂ ಇಲ್ಲ. ಬೇರೆಯವರು ಕಂಡುಹಿಡಿದ ಹುಳುಗಳಿಗೆ ಚೀಟಿ ಅಂಟಿಸುತ್ತಲೇ ತಲೆ ನರೆಯಿತು.

ಇನ್ನೇನು ನಿವೃತ್ತಿ ಎನ್ನುವಾಗ ಅದೃಷ್ಟ ಖುಲಾಯಿಸಿತು. ನಾನು ಬಸ್ಸು ಓಡಿಸುವವನು. ಡಿಪೋ ಗೇಟಿನ ಬಳಿ ನನಗಾಗಿ ಕಾಯುತ್ತಾ ನಿಂತವಳ ತೋಳಿನ ಮೇಲೆ ಮೋರಿ ಪಕ್ಕದ ಕಳೆಗಿಡದಿಂದ ಒಂದು ಸೊಂಡಿಲ ಹುಳು ಬಿತ್ತು. ಎಳ್ಳಿನ ಕಾಳಿಗಿಂತ ದೊಡ್ಡದಲ್ಲ! ಅದಕ್ಕೆ ಉದ್ದ ಸೊಂಡಿಲು. ಕೆಲವು ದಿನ ಬಿಟ್ಟು ಇನ್ನೊಂದು ಸಿಕ್ಕಿತು, ಅದಕ್ಕೆ ಗಿಡ್ಡ ಸೊಂಡಿಲು. ಪುಸ್ತಕಗಳನ್ನೆಲ್ಲ ಜಾಲಾಡಿದಳು. ಎರಡನ್ನೂ ಈವರೆಗೆ ಯಾರೂ ವರ್ಣಿಸಿಲ್ಲ. ಹೊಸ ಜಾತಿಯನ್ನು ಮೊದಲು ವರ್ಣಿಸಿದವರ ಹೆಸರು ಆ ಹುಳುವಿನ ಹೆಸರಿನ ಪಕ್ಕ ಶಾಶ್ವತವಾಗಿ ಉಳಿಯುತ್ತದಂತೆ. ಒಂದಲ್ಲ, ಎರಡು ಹುಳು! ನಾನು ಡಿಪೋದಲ್ಲಿ ಎಲ್ಲರಿಗೂ ಚಹಾ ಕುಡಿಸಿಬಿಟ್ಟೆ.

ಕಾಲು, ರೆಕ್ಕೆ, ಕೂದಲು ಎಲ್ಲ ವರ್ಣಿಸಿ ಮುಗಿಸಿದವಳು ವಿಜ್ಞಾನ ಪತ್ರಿಕೆಗೆ ಕಳಿಸುವ ಹೊತ್ತಿಗೆ ತಡವರಿಸಿದಳು.

"ರೀ, ಇವು ಗಂಡ ಹೆಂಡ್ತಿ ಆಗಿದ್ರೆ?"

"ಆಗಿದ್ರೆ ಆಗ್ಲಿ ಬಿಡೇ. ನಿಮ್ಮ ಮ್ಯೂಸಿಯಂ ಸಾಹೇಬ್ರೇ ಎರಡು ಜಾತಿ ಅಂದಿದ್ದಾರಲ್ಲ."

"ಅವ್ರು ಅಂದ್ಬಿಟ್ರೆ ಆಯ್ತಾ? ಸೊಂಡಿಲು ಬಿಟ್ರೆ ಬೇರೆ ವ್ಯತ್ಯಾಸಾನೇ ಕಾಣ್ತಿಲ್ಲ. ಕಾಳು ಕೊರೆದು ಮೊಟ್ಟೆ ಇಡೋಕೆ ಹೆಣ್ಣಿಗೆ ಉದ್ದ ಸೊಂಡಿಲು ಬೇಕು."

ಹೊಟ್ಟೆ ಬಿಡಿಸಿ ನೋಡಿದರೆ ತಿಳಿಯುತ್ತಿತ್ತಂತೆ. ಆದರೆ ಇದ್ದ ಎರಡೂ ಒಣಗಿ ಒಳಗೆ ಟೊಳ್ಳಾಗಿದ್ದವು. ಜೀವಂತ ಹುಳುವೇ ಬೇಕಿತ್ತು.

"ನಿಂಗ್ಯಾಕೆ ಇಲ್ಲದ ಉಸಾಬರಿ?" ಎಂದು ರೇಗಿದೆ. ರೇಗಿದರೇನು, ರಜೆಯ ದಿನ ಬೆಳಿಗ್ಗೆ ಬಿಳಿ ಕೊಡೆಯನ್ನು ತಲೆಕೆಳಗಾಗಿ ಹಿಡಿದು ಮೋರಿ ಪಕ್ಕ ನಿಂತವನು ನಾನೇ. ಅವಳು ಕೋಲಿನಿಂದ ಗಿಡ ಬಡಿಯುವುದು, ಕೊಡೆಯೊಳಗೆ ಉದುರಿದ ಕಸಕಡ್ಡಿಯಲ್ಲಿ ಹುಳು ಹುಡುಕುವುದು. ನಮ್ಮ ಕಂಡಕ್ಟರ್ ಸೈಕಲ್ ನಿಲ್ಲಿಸಿ, "ಏನಣ್ಣಾ, ಇವತ್ತು ಮಳೆ ಕೆಳಗಿಂದ ಬರುತ್ತಾ?" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಅವಳು ಮಾತ್ರ ಕಿಲಕಿಲ ನಕ್ಕಳು.

ಅವನು ಹೋದ ಮೇಲೆ ಅವಳು ಮುಂದಿನ ಗಿಡಕ್ಕೆ ಬಾಗಿದಳು. ಆಗ ಕೊಡೆಯ ಅಂಚಿನಲ್ಲಿ ನನಗೆ ಕಂಡಿತು. ಉದ್ದ ಸೊಂಡಿಲಿನದರ ಬೆನ್ನೇರಿ ಗಿಡ್ಡ ಸೊಂಡಿಲಿನದು ಜೋಡಿಯಾಗಿ ಕೂತಿದೆ, ಲೋಕದ ಪರಿವೆಯೇ ಇಲ್ಲ! ಅಂದರೆ ಇವು ಗಂಡ ಹೆಂಡತಿಯೇ. ಒಮ್ಮೆ ಉಫ್ ಎಂದು ಊದಿದರೆ ಎರಡೂ ಮೋರಿ ಪಾಲು. ಅವಳ ಎರಡು ಜಾತಿ ಎರಡಾಗಿಯೇ ಉಳಿಯುತ್ತಿದ್ದವು. ಕೆನ್ನೆ ತುಂಬ ಗಾಳಿಯನ್ನೂ ತುಂಬಿಕೊಂಡೆ. ಆದರೆ ಅವಳ ಹೆಸರು ಕೊನೆಗೆ ಅಂಟಿಕೊಳ್ಳುವುದು ಒಂದು ಸುಳ್ಳಿಗೆ ಅಲ್ಲವೇ?

"ಬಾರೇ ಇಲ್ಲಿ," ಎಂದೆ, ಸೋತ ದನಿಯಲ್ಲಿ.

ಅಳುತ್ತಾಳೇನೋ ಎಂದುಕೊಂಡರೆ ಕೋಲು ಬಿಸಾಡಿ ಕುಣಿದೇಬಿಟ್ಟಳು! ನಿಂತಲ್ಲಿಂದಲೇ ಸಾಹೇಬರಿಗೆ ಫೋನು ಮಾಡಿದಳು. "ಎರಡಲ್ಲ ಸಾರ್, ಒಂದೇ. ಆದ್ರೆ ಸಂಸಾರ ಸಮೇತ!"

ಫೋನಿಟ್ಟು ನನ್ನ ಕಡೆ ತಿರುಗಿದಳು. "ನೀವು ಕೆನ್ನೆ ಉಬ್ಬಿಸಿದ್ದು ನೋಡ್ದೆ ಕಣ್ರೀ."

ನಾನು ತಬ್ಬಿಬ್ಬಾದೆ. "ನೋಡಿಯೂ ಯಾಕೆ ಸುಮ್ನಿದ್ದೆ?"

"ನೀವು ಊದಲ್ಲ ಅಂತ ಗೊತ್ತಿತ್ತು. ಕೊಡೆ ಸರಿಯಾಗಿ ಹಿಡ್ಕೊಳ್ಳಿ, ಸಂಸಾರ ಮೋರಿಗೆ ಬಿದ್ದೀತು."