ಬರೆದು ಹೇಳಿದ ಟೀಚರ್

ಕಪನೂರಿನ ದಾಲ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಯಂತ್ರಗಳ ಪಕ್ಕ ನಿಂತು ನನ್ನ ಕಿವಿ ಹೋಯಿತು. ಕೆಲಸ ಬಿಟ್ಟ ಮೇಲೆ ಬ್ರಹ್ಮಪುರದ ಬಾಡಿಗೆ ಕೋಣೆಯಲ್ಲಿ ನಾನೊಬ್ಬನೇ. ಬಂದವರು ನನ್ನೊಡನೆ ಕೂಗಿ ಮಾತಾಡಬೇಕಿತ್ತು. ಕೂಗಿ ಬೇಸತ್ತು ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ದಿನ ಕಳೆಯುತ್ತಿದ್ದದ್ದು ಹಳೆಯ ಲ್ಯಾಪ್‌ಟಾಪಿನಲ್ಲಿ ಓದಿಕೊಂಡು.

ಅದೂ ತೀರಾ ನಿಧಾನವಾಯಿತು. ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಚುರುಕಾಗುತ್ತದೆಂದು ಎಲ್ಲೋ ಓದಿದೆ. ಹೇಗೆಂದು ಹುಡುಕಿದರೆ ಸಿಕ್ಕಿದ್ದೆಲ್ಲ ವಿಡಿಯೊ. ಫೋನಿನಲ್ಲಿ ಒಂದನ್ನು ಹಚ್ಚಿಕೊಂಡು, ಅದರಲ್ಲಿದ್ದವನು ಒತ್ತಿದಲ್ಲೆಲ್ಲ ನಾನೂ ಒತ್ತುತ್ತ ಹೋದೆ. ಒಂದು ಕಡೆ ಅವನು ಬೆರಳೆತ್ತಿ ಏನೋ ಹೇಳಿದ. ನನಗೆ ಕೇಳಲಿಲ್ಲ, ಮುಂದಿನದನ್ನು ಒತ್ತಿಬಿಟ್ಟೆ. ಡಿಸ್ಕ್ ಪೂರ್ತಿ ಅಳಿಸಿಹೋಯಿತು. ಲಿನಕ್ಸೂ ಬರದೆ ಪರದೆ ಕಪ್ಪಾಗಿ ನಿಂತಿತು. ನನ್ನನ್ನು ಸಾಕಿದ ಅಕ್ಕ ತೀರಿಹೋಗಿದ್ದಳು. ಅವಳ ಫೋಟೋಗಳೆಲ್ಲ ಅದರಲ್ಲೇ ಇದ್ದವು.

ಪೇಟೆಯ ಅಂಗಡಿಗೆ ಒಯ್ದೆ. "ಹೊಸಾದು ತಗೋರಿ ಕಾಕಾ!" ಎಂದು ಅಂಗಡಿಯವನು ಕಿರುಚಿದ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹೊರಬಂದೆ.

ಫೋನಿನಲ್ಲಿ ಕನ್ನಡಿಗರ ಲಿನಕ್ಸ್ ಗುಂಪೊಂದನ್ನು ಹುಡುಕಿ, "ಲಿನಕ್ಸ್ ಹಾಕಲು ಹೋಗಿ ಲ್ಯಾಪ್‌ಟಾಪ್ ಕೆಡಿಸಿಕೊಂಡೆ. ನನಗೆ ಕಿವಿ ಕೇಳುವುದಿಲ್ಲ. ಬರೆದು ಹೇಳುವವರು ಇದ್ದೀರಾ?" ಎಂದು ಕೇಳಿದೆ. ಮತ್ತೆ ವಿಡಿಯೊಗಳನ್ನೇ ಕಳಿಸಿದರು. ಮೂರನೆಯ ದಿನ ಒಂದು ಉತ್ತರ ಬಂತು: "ನಾ ಕಮಲಾಪುರದಾಗ ಸಾಲಿ ಟೀಚರ್ ಇದ್ದೀನ್ರಿ. ಸಾಲಿ ಕಂಪ್ಯೂಟರಿಗೆ ನಾನೇ ಲಿನಕ್ಸ್ ಹಾಕೀನಿ. ನಿಮ್ಮದನ್ನ ಚಾಲೂ ಮಾಡಬ್ಯಾಡ್ರಿ, ಹಂಗೇ ತಗೊಂಡು ಶನಿವಾರ ಬರ್ರಿ."

ಬಸ್ಸಿನಲ್ಲಿ ಹೋದೆ. ಶಾಲೆ ಬಿಟ್ಟಿತ್ತು. ನಡುವಯಸ್ಸಿನ ಆ ಟೀಚರ್ ಕೂಗಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಎದುರು ಕೂತು ನೋಟುಬುಕ್ ತೆರೆದು ಬರೆದರು: "ಒಳಗಿಂದು ಏನೇನು ಉಳೀಬೇಕ್ರಿ?"

ನಾನು ಬರೆದೆ: "ಏನೂ ಉಳಿದಿಲ್ಲ. ಅಕ್ಕನ ಫೋಟೋ ಇದ್ದವು."

ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಬರೆದರು: "ಹಂಗಾದ್ರ ಈಗೇ ಲಿನಕ್ಸ್ ಹಾಕೂದು ಬ್ಯಾಡ. ಡಿಸ್ಕಿನ ಮ್ಯಾಲೆ ಹೊಸಾದೇನೂ ತುಂಬಿಲ್ಲಂದ್ರ ಅಳಿಸಿದ್ದು ಒಂದಿಷ್ಟು ಸಿಗಬಹುದು. ಮೊದಲ ಅವನ್ನ ಹುಡುಕೋಣ್ರಿ."

ಪೆನ್‌ಡ್ರೈವಿನಿಂದಲೇ, ಡಿಸ್ಕಿಗೆ ಹಾಕದೆ, ಲಿನಕ್ಸ್ ಚಾಲೂ ಮಾಡಿ, ಅಳಿಸಿದ್ದನ್ನು ಹುಡುಕಲು ಹಚ್ಚಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ತುಂಬುತ್ತ ಹೋದರು. ಮಧ್ಯಾಹ್ನವೆಲ್ಲ ಹಿಡಿಯಿತು. ಅಷ್ಟು ಹೊತ್ತೂ ನಾವು ಪುಟಗಟ್ಟಲೆ ಮಾತಾಡಿದೆವು: ಮಿಲ್ಲು, ಕಿವಿ, ಅಕ್ಕ ರೊಟ್ಟಿಗೆ ಹಚ್ಚಿಕೊಳ್ಳಲು ಕುಟ್ಟುತ್ತಿದ್ದ ಶೇಂಗಾ ಹಿಂಡಿ. ಹಿಂದೆ ಯಾವಾಗ ಅಷ್ಟು ಮಾತಾಡಿದ್ದೆನೋ ನೆನಪಾಗಲಿಲ್ಲ. ಎಲ್ಲ ಫೋಟೋ ಬರಲಿಲ್ಲ. ಕೆಲವು ಬಂದವು, ಇನ್ನು ಕೆಲವು ಅರ್ಧ ಮಾತ್ರ ಕಂಡು ಉಳಿದದ್ದು ಬೂದು ಬಣ್ಣವಾಗಿತ್ತು. ನನ್ನ ಕಣ್ಣು ತುಂಬಿ ಬಂದಾಗ ಅವರು ಎದ್ದು ಹೋಗಿ ಕಿಟಕಿ ಹಾಕಿದರು, ನಿಧಾನವಾಗಿ. ಕೊನೆಗೆ ಲಿನಕ್ಸ್ ಹಾಕುವಾಗ ಒಂದೊಂದು ಹೆಜ್ಜೆಯನ್ನೂ ಬರೆದು, ನನ್ನ ಕೈಯಿಂದಲೇ ಒತ್ತಿಸಿ, ಸಿಕ್ಕ ಫೋಟೋಗಳನ್ನು ಅದಕ್ಕೆ ಮರಳಿ ತುಂಬಿಕೊಟ್ಟರು.

ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಕೂತು ಫೋಟೋಗಳನ್ನು ತೆರೆದೆ. ಲ್ಯಾಪ್‌ಟಾಪ್ ಚಕಚಕನೆ ನಡೆಯುತ್ತಿತ್ತು. ಒಂದರಲ್ಲಿ ಅಕ್ಕ ಯಾರದೋ ಮದುವೆಯಲ್ಲಿ, ನನಗೆ ಗುರುತಿಲ್ಲದ ಹೆಂಗಸೊಬ್ಬಳ ಭುಜಕ್ಕೆ ಒರಗಿ ನಗುತ್ತಿದ್ದಳು. ಆಕೆ ಯಾರೆಂದು ಬಹಳ ಹೊತ್ತು ಯೋಚಿಸಿದೆ. ಕೇಳೋಣವೆಂದರೆ, ಅದು ಗೊತ್ತಿದ್ದವಳು ಅಕ್ಕ ಒಬ್ಬಳೇ.