ಸ್ಕೇಲ್ ಮಿಸ್ ಆರಿಸಿದ ಹದಿನೈದು ಮಂದಿ

ಅವರ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮಕ್ಕಳಿಗೆ, ಮಕ್ಕಳ ತಾಯಂದಿರಿಗೆ, ಕೊನೆಗೆ ಹೆಡ್ ಮೇಡಂಗೂ ಅವರು ಸ್ಕೇಲ್ ಮಿಸ್. ಹೊಡೆಯುವುದಕ್ಕೆ ಸ್ಕೇಲ್ ಹಿಡಿದವರಲ್ಲ, ಗೆರೆ ಎಳೆಯುವುದಕ್ಕೆ. ಮನೆಗೆ ತರಕಾರಿ ಪಟ್ಟಿ ಬರೆದರೂ ಎಡಗಡೆ ಅಂಚು ಬಿಟ್ಟು, ಗೆರೆ ಎಳೆದೇ ಬರೆಯುತ್ತಿದ್ದರು. ವಾಚ್ ರಿಪೇರಿ ಮಾಡುವ ಗಂಡ, "ನಮ್ಮನೇಲಿ ಬದನೆಕಾಯಿ ಕೂಡ ಮಾರ್ಜಿನ್ ದಾಟಲ್ಲ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಅಂಕವನ್ನೂ ತಪ್ಪಾಗಿ ಕೂಡಿಸಿದವರಲ್ಲ. ಶಾಲೆಯವರು ಪ್ರತಿಭಾವಂತ ಮಕ್ಕಳನ್ನು ಹುಡುಕಲು ಹೊರಟಾಗ ಆ ಕೆಲಸ ಇವರ ಹೆಗಲಿಗೆ ಬಿದ್ದದ್ದು ಅದಕ್ಕೇ.

ಅಲ್ಲಿಯವರೆಗೆ ಆ ಶಾಲೆಯಲ್ಲಿ ಪ್ರತಿಭೆ ಇರಲಿಲ್ಲ ಎಂದಲ್ಲ; ಅದಕ್ಕೊಂದು ಕೋಣೆ ಇರಲಿಲ್ಲ. ಪಕ್ಕದ ಬಡಾವಣೆಯ ಶಾಲೆಯವರು 'ವಿಶೇಷ ಪ್ರತಿಭಾ ವರ್ಗ' ಎಂದು ಬೋರ್ಡು ಹಾಕಿದ ತಿಂಗಳಿಗೆ ಇಲ್ಲಿಯ ಆಡಳಿತ ಮಂಡಳಿಗೂ ಜ್ಞಾನೋದಯವಾಯಿತು. ಮೇಲಿನ ಮಹಡಿಯಲ್ಲಿ ಹಳೇ ಬೆಂಚು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿದರು. ನಾಲ್ಕು ಕಿಟಕಿ, ಹೊಸ ಫ್ಯಾನು, ಒಂದು ಗೋಡೆ ತುಂಬ ಪುಸ್ತಕ, ಎರಡು ಮೈಕ್ರೋಸ್ಕೋಪು. ಕೂರುವುದಕ್ಕೆ ಹದಿನೈದು ಕುರ್ಚಿ. ಹಾಗಾಗಿ ಪ್ರತಿಭಾವಂತರೂ ಹದಿನೈದೇ ಮಂದಿ ಎಂದು ತೀರ್ಮಾನವಾಯಿತು.

ಆರಿಸುವುದು ಎರಡನೇ ಕ್ಲಾಸಿನ ಕೊನೆಯಲ್ಲಿ, ಮಕ್ಕಳಿಗೆ ಏಳು ತುಂಬಿ ಹಾಲುಹಲ್ಲು ಬೀಳುವ ಹೊತ್ತಿಗೆ. ಅದೂ ಎರಡು ವರ್ಷಕ್ಕೊಮ್ಮೆ. ಕಂಪನಿಯಿಂದ ತರಿಸುವ ಸಿದ್ಧ ಪರೀಕ್ಷೆಯ ಪೆಟ್ಟಿಗೆ ದುಬಾರಿ. ನಡುವಿನ ವರ್ಷ ಹುಟ್ಟಿದ ಮಕ್ಕಳು ಪ್ರತಿಭೆಯ ಆಸೆ ಬಿಡಬೇಕಿತ್ತು. ಯಾರೋ ಒಬ್ಬ ತಂದೆ ಇದನ್ನು ಕೇಳಿದ್ದಕ್ಕೆ ಹೆಡ್ ಮೇಡಂ, "ಎಲ್ಲ ವರ್ಷಾನೂ ಒಂದೇ ಥರ ಬೆಳೆ ಬರುತ್ತಾ ಸರ್?" ಎಂದು ಅವರ ಬಾಯಿ ಮುಚ್ಚಿಸಿದ್ದರು.

ಪರೀಕ್ಷೆಗೆ ಮೊದಲು ಕ್ಲಾಸ್ ಟೀಚರುಗಳು ಪ್ರತಿ ಮಗುವಿನ ಬಗ್ಗೆ ಒಂದು ಸಾಲು ಬರೆದುಕೊಡಬೇಕಿತ್ತು. 'ಯಾಕಮ್ಮ' ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬ ಹುಡುಗಿ ಇದ್ದಳು. ಇಸ್ತ್ರಿ ಅಂಗಡಿಯವಳ ಮಗಳು. ಮೋಡ ಯಾಕೆ ಬೀಳಲ್ಲ, ಸೊನ್ನೆಯನ್ನು ಯಾಕೆ ಮೊದಲು ಎಣಿಸಲ್ಲ ಎಂದು ಟೀಚರ ಪ್ರಾಣ ಹಿಂಡುತ್ತಿದ್ದಳು. ಅವಳ ಹೆಸರಿನ ಮುಂದೆ ಕ್ಲಾಸ್ ಟೀಚರ್ ಬರೆದದ್ದು: 'ಪಾಠಕ್ಕೆ ಅಡ್ಡಿ ಮಾಡುತ್ತಾಳೆ.' ಬಾಯಿ ಬಿಡದೆ ಕೈಕಟ್ಟಿ ಕೂರುವ ಇನ್ನೊಂದು ಮಗುವಿನ ಮುಂದೆ: 'ಆಳವಾದ ಚಿಂತನೆ.'

ಪರೀಕ್ಷೆ ನಡೆದದ್ದು ಒಂದು ಸೋಮವಾರ ಬೆಳಿಗ್ಗೆ, ನಲವತ್ತು ನಿಮಿಷ. ತೊಂಬತ್ತು ಮಕ್ಕಳು, ನಲವತ್ತು ಪ್ರಶ್ನೆ. ಪ್ರತಿ ಪ್ರಶ್ನೆಗೆ ನಾಲ್ಕು ವೃತ್ತ, ಸರಿ ಉತ್ತರದ ವೃತ್ತವನ್ನು ಪೆನ್ಸಿಲಿನಿಂದ ತುಂಬಬೇಕು. ಇಬ್ಬರು ಅತ್ತರು, ಒಬ್ಬಳು ಪೆನ್ಸಿಲಿನ ತುದಿ ನುಂಗಿದಳು. ಪ್ರತಿಭೆಯ ಪರೀಕ್ಷೆ ಮುಗಿಯಿತು.

ಮೌಲ್ಯಮಾಪನಕ್ಕೆ ಪೆಟ್ಟಿಗೆಯಲ್ಲೇ ಒಂದು ತೂತಿನ ಕಾರ್ಡು ಬಂದಿತ್ತು. ಅದನ್ನು ಉತ್ತರದ ಹಾಳೆಯ ಮೇಲಿಟ್ಟು, ತೂತಿನಲ್ಲಿ ಕಪ್ಪಾಗಿ ಕಂಡ ವೃತ್ತಗಳನ್ನು ಎಣಿಸಿದರೆ ಅಷ್ಟೇ ಅಂಕ. ಸ್ಕೇಲ್ ಮಿಸ್ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ತೊಂಬತ್ತು ಹಾಳೆಗಳನ್ನೂ ಎರಡೆರಡು ಸಲ ನೋಡಿದರು. ಪ್ರತಿ ಹಾಳೆಯ ಮೇಲೂ ಕಾರ್ಡಿನ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಸ್ಕೇಲ್ ಹಿಡಿದು ಕೂರಿಸಿದರು. ಅತಿ ಹೆಚ್ಚು ಅಂಕ ಬಂದದ್ದು ಹದಿನೇಳು.

"ಮೇಡಂ, ನಲವತ್ತಕ್ಕೆ ಹದಿನೇಳೇ ಬಂದಿದೆ. ಯಾಕೋ ಕಮ್ಮಿ ಅನ್ಸುತ್ತೆ" ಎಂದು ಅವರು ಹೆಡ್ ಮೇಡಂ ಹತ್ತಿರ ಹೋದರು.

ಹೆಡ್ ಮೇಡಂ ಮುಖ ಅರಳಿತು. "ನೋಡಿದ್ರಾ, ಎಂಥ ಸ್ಟ್ಯಾಂಡರ್ಡ್! ಪಕ್ಕದ ಶಾಲೇಲಿ ಮೂವತ್ತು ಮೂವತ್ತೈದು ಬರುತ್ತಂತೆ. ಅದೂ ಒಂದು ಪರೀಕ್ಷೇನಾ?"

ಹದಿನೈದು ಮಂದಿಯ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಮೊದಲನೆಯ ಸ್ಥಾನ ಪಡೆದ ಹುಡುಗನಿಗೆ ಆ ಸಂಜೆಯೇ 'ಪ್ರೊಫೆಸರ್' ಎಂದು ಹೆಸರು ಬಿತ್ತು. ಅವನ ತಾಯಿ, "ಹೊಟ್ಟೇಲಿದ್ದಾಗ್ಲೇ ಗೊತ್ತಾಗಿತ್ತು, ಲೆಕ್ಕ ಹಾಕ್ದಂಗೆ ಒದೀತಿದ್ದ" ಎಂದು ಗೇಟಿನ ಹತ್ತಿರ ಸಿಕ್ಕವರಿಗೆಲ್ಲ ಹೇಳಿದರು. ಒಂಬತ್ತು ಅಂಕ ಪಡೆದ ಯಾಕಮ್ಮ ಕೆಳಗಿನ ಕ್ಲಾಸಿನಲ್ಲೇ ಉಳಿದಳು.

ಎರಡು ವರ್ಷ ಕಳೆಯಿತು. ಮೇಲಿನ ಕೋಣೆಯ ಮಕ್ಕಳು ನಿಜವಾಗಿಯೂ ಮಿಂಚಿದರು. ಗೋಡೆ ತುಂಬ ಇದ್ದ ಪುಸ್ತಕಗಳನ್ನು ಓದಿ ಮುಗಿಸಿದರು. ಕೆರೆ ನೀರನ್ನು ಮೈಕ್ರೋಸ್ಕೋಪಿನಡಿ ಇಟ್ಟು ಅದರಲ್ಲಿ ಈಜಾಡುವುದಕ್ಕೆಲ್ಲ ಹೆಸರು ಹೇಳಿದರು. ಪ್ರೊಫೆಸರ್ ಗ್ರಹಣ ಹೇಗಾಗುತ್ತದೆಂದು ಎರಡು ಕಿತ್ತಳೆ ಹಿಡಿದು ವಿವರಿಸಿದರೆ ನೋಡಲು ಬಂದ ಅಧಿಕಾರಿಗಳು ಚಪ್ಪಾಳೆ ತಟ್ಟುತ್ತಿದ್ದರು. ಕೆಳಗೆ, ಮಿಕ್ಕ ಎಪ್ಪತ್ತೈದು ಮಕ್ಕಳನ್ನು ಎರಡು ಕಿಟಕಿಯ ಒಂದೇ ಕೋಣೆಗೆ ಸೇರಿಸಿದ್ದರು. ಅಲ್ಲಿ ಹಾಜರಿ ಕರೆದು ಮುಗಿಸುವಷ್ಟರಲ್ಲಿ ಅರ್ಧ ಪೀರಿಯಡ್ ಹೋಗುತ್ತಿತ್ತು.

ಎರಡನೆಯ ಸಲದ ಪೆಟ್ಟಿಗೆ ಬಂತು, ಹೊಸ ಮಕ್ಕಳು ವೃತ್ತ ತುಂಬಿದರು. ಈ ಸಲದ ಕಾರ್ಡಿನ ಮೇಲೆ ಒಂದು ಬಾಣದ ಗುರುತು, ಪಕ್ಕದಲ್ಲಿ 'ಮೇಲ್ಭಾಗ' ಎಂದು ದಪ್ಪ ಅಕ್ಷರ. ಸ್ಕೇಲ್ ಮಿಸ್ ಬಾಣದಂತೆ ಕಾರ್ಡಿಟ್ಟು ಎಣಿಸಿದರು. ಮೊದಲ ಹಾಳೆಗೆ ಮೂವತ್ತೊಂದು. ಎರಡನೆಯದಕ್ಕೆ ಇಪ್ಪತ್ತೆಂಟು. ಮೂರನೆಯದಕ್ಕೆ ಇಪ್ಪತ್ತಾರು. ಅವರ ಕೈ ನಿಂತಿತು. ಹಳೆಯ ಕಾರ್ಡಿನಲ್ಲಿ ಬಾಣ ಇರಲಿಲ್ಲ. ಒಂದು ಮೂಲೆ ಮಾತ್ರ ಕತ್ತರಿಸಿದ್ದರು. ಆ ಮೂಲೆ ಎಲ್ಲಿ ಬರಬೇಕೆಂದು ತೋರಿಸಲು ಸೂಚನೆಯ ಹಾಳೆಯಲ್ಲಿದ್ದ ಚಿತ್ರ ಜೆರಾಕ್ಸ್ ಮಸಿಯಲ್ಲಿ ಮುಳುಗಿಹೋಗಿತ್ತು.

ಬೀರುವಿನಿಂದ ಹಳೆಯ ಹಾಳೆಗಳ ಕಟ್ಟನ್ನೂ ಹಳೆಯ ಕಾರ್ಡನ್ನೂ ತೆಗೆದರು. ಯಾಕಮ್ಮನ ಹಾಳೆ ಮೇಲೆ ಅಂದು ಇಟ್ಟ ಹಾಗೇ ಇಟ್ಟರು: ಒಂಬತ್ತು. ಕಾರ್ಡನ್ನು ತಿರುಗಿಸಿ, ಮೇಲಿನದು ಕೆಳಗೆ ಮಾಡಿ ಇಟ್ಟರು: ಮೂವತ್ತೆಂಟು. ಪ್ರೊಫೆಸರನ ಹಾಳೆಗೆ ಎಂಟು. ಅವನು ಬೇಜಾರಾಗಿ, ಪ್ರಶ್ನೆಯನ್ನೇ ಓದದೆ, ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲಿನ ಹಾಗೆ ವೃತ್ತ ತುಂಬಿಕೊಂಡು ಹೋಗಿದ್ದ. ಹದಿನೈದು ಪ್ರತಿಭಾವಂತರಲ್ಲಿ ಸರಿಯಾದ ಲೆಕ್ಕಕ್ಕೆ ಉಳಿದವರು ಇಬ್ಬರು.

ತೊಂಬತ್ತು ಹಾಳೆ, ಎರಡೆರಡು ಸಲ, ತಲೆಕೆಳಗು. ಅದೂ ಎಷ್ಟು ನೇರವಾಗಿ!

ಆ ಸಂಜೆ ಅವರು ಗಂಡನ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಲ್ಲ ಕೇಳಿಸಿಕೊಂಡರು.

"ಇದು ಯಾರಿಗಾದ್ರೂ ಗೊತ್ತಾ?"

"ಇಲ್ಲ."

"ಹಾಗಿದ್ರೆ ಹೊಸ ಕಾರ್ಡು ಸರಿಯಾಗಿ ಇಟ್ಕೊಂಡು ಸುಮ್ನಿದ್ದುಬಿಡು."

"ಏನ್ರೀ, ನೀವು ಯಾರದ್ದೋ ವಾಚಿನ ಮುಳ್ಳು ತಿರುವು ಮುರುವು ಹಾಕಿ ಕಳಿಸಿದ್ರೆ ಸುಮ್ನಿರ್ತಿದ್ರಾ?"

ಗಂಡ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. "ವಾಚಾದ್ರೆ ಬಿಚ್ಚಿ ಮತ್ತೆ ಕೂರಿಸಬಹುದು ಕಣೇ" ಎಂದರು.

ಮಾರನೆಯ ದಿನ ಹೆಡ್ ಮೇಡಂ ಎರಡೂ ಕಾರ್ಡು, ಎರಡೂ ಲೆಕ್ಕ ನೋಡಿ ಒಂದು ಲೋಟ ನೀರು ಕುಡಿದರು.

"ಆ ಮಕ್ಕಳು ಈಗ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ ಮೇಡಂ."

"ಪ್ರತಿಭಾವಂತರಾಗಿದ್ದಾರೋ ಇಲ್ವೋ?"

"ಆಗಿದ್ದಾರೆ."

"ಅಂದ್ಮೇಲೆ ನಮ್ಮ ಆಯ್ಕೆ ಸರಿಯಾಗೇ ಇತ್ತಲ್ಲ!"

"ಮೇಡಂ, ಹಾಗಲ್ಲ. ನಾನು ಕಣ್ಮುಚ್ಚಿ ಚೀಟಿ ಎತ್ತಿದ್ರೂ ಇದೇ ಆಗ್ತಿತ್ತು. ಆ ಕೋಣೇಲಿ ಯಾರನ್ನ ಕೂರಿಸಿದ್ರೂ—"

"ಶ್!" ಹೆಡ್ ಮೇಡಂ ಎದ್ದುಹೋಗಿ ಬಾಗಿಲು ಹಾಕಿದರು. "ಆ ಮಾತು ಇನ್ನೊಂದು ಸಲ ಆಡ್ಬೇಡಿ. ಮಂಡಳಿಯವರು ಕೇಳಿಸ್ಕೊಂಡ್ರೆ ಎಲ್ಲ ಕೋಣೆಗೂ ನಾಲ್ಕು ಕಿಟಕಿ ಇಡಿಸ್ಬೇಕಾಗುತ್ತೆ."

ಸ್ಕೇಲ್ ಮಿಸ್ ಸುಮ್ಮನಿರಲಿಲ್ಲ. ಆ ಶನಿವಾರದ ಪೋಷಕರ ಸಭೆಯಲ್ಲಿ ಹೊಸ ಆಯ್ಕೆಯ ಬಗ್ಗೆ ಎರಡು ಮಾತು ಹೇಳಿ ಎಂದು ಅವರಿಗೆ ಮೈಕ್ ಕೊಟ್ಟಾಗ, ಕಾರ್ಡನ್ನು ಎತ್ತಿ ಹಿಡಿದು, ನಡೆದದ್ದನ್ನೆಲ್ಲ ನಡೆದ ಹಾಗೆ ಹೇಳಿದರು. "ತಪ್ಪು ನನ್ನದು" ಎಂದು ಮೈಕ್ ಕೆಳಗಿಟ್ಟರು.

ಸಭೆ ಸಂತೆಯಾಯಿತು. ಎಪ್ಪತ್ತೈದು ಮಕ್ಕಳ ತಂದೆತಾಯಿಗೆಲ್ಲ ಒಂದೇ ಕ್ಷಣದಲ್ಲಿ ತಮ್ಮ ಮಗುವಿಗೆ ಅನ್ಯಾಯವಾದದ್ದು ಖಚಿತವಾಯಿತು. ತಿರುಗಿಸಿದ ಕಾರ್ಡಿನಲ್ಲಿಯೂ ಹತ್ತೇ ಅಂಕ ಬಂದಿದ್ದ ಮಗುವಿನ ತಂದೆ, "ಕಾರ್ಡನ್ನ ಅಡ್ಡಡ್ಡ ಇಟ್ಟು ನೋಡಿದ್ರಾ?" ಎಂದು ಎದ್ದು ನಿಂತರು. ಪ್ರೊಫೆಸರನ ತಾಯಿ ಹೇಳಿದ್ದು ಬೇರೆ: "ನಮ್ಮವನು ಮೆಟ್ಟಿಲು ಬಿಡಿಸಿದ್ದು ಯಾಕೆ ಗೊತ್ತಾ? ಏಳನೇ ವಯಸ್ಸಿಗೇ ಇಂಥ ಪರೀಕ್ಷೆ ದಂಡ ಅಂತ ಅವನಿಗೆ ಹೊಳೆದಿತ್ತು. ಅದಕ್ಕಿಂತ ಪ್ರತಿಭೆ ಬೇಕಾ?" ಸ್ಕೇಲ್ ಮಿಸ್‌ಗೆ ಆ ಮಾತಿನಲ್ಲಿ ಸ್ವಲ್ಪ ನಿಜವೂ ಕಂಡಿತು.

ಇಸ್ತ್ರಿ ಅಂಗಡಿಯವಳು ಸಭೆಗೆ ಬಂದಿರಲಿಲ್ಲ. ಶನಿವಾರ ಅವಳಿಗೆ ಬಟ್ಟೆಯ ರಾಶಿ. ಮಿಸ್ ಸಭೆಯಿಂದ ನೇರ ಅಲ್ಲಿಗೆ ನಡೆದರು. ಗೋಡೆಗೆ ಆನಿಸಿದ ಒಂದು ಮೇಜು, ಸುಟ್ಟ ಕಲೆಗಳ ಕಂಬಳಿ, ಕಾದ ಹತ್ತಿಯ ವಾಸನೆ. ಹುಡುಗಿ ಮೂಲೆಯಲ್ಲಿ ಅಂಗಿಗಳನ್ನು ಮಡಿಸುತ್ತ ಕೂತಿದ್ದಳು.

"ಮೂವತ್ತೆಂಟು ಅಂದ್ರೆ ಪಾಸಾ ಮಿಸ್?" ತಾಯಿ ಕೇಳಿದಳು.

"ಎಲ್ಲರಿಗಿಂತ ಜಾಸ್ತಿ ಕಣಮ್ಮ."

ತಾಯಿ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. "ಅಯ್ಯೋ, ಒಂಬತ್ತು ಬಂತು ಅಂದಾಗಿಂದ ನಾನೂ ಇವಳ ಬಾಯಿ ಮುಚ್ಚಿಸ್ತಾ ಬಂದೆ. ಓದೋದು ತಲೆಗೆ ಹತ್ತಲ್ಲ, ಸುಮ್ನೆ ಯಾಕೆ ಮಾತು ಅಂತ. ಈಗ ಹೇಳಿದ್ದು ಕೇಳ್ತಾಳೆ. ಏನೂ ಕೇಳಲ್ಲ."

ಮಿಸ್ ಹುಡುಗಿಯ ಕಡೆ ತಿರುಗಿದರು. ಒಂಬತ್ತು ವರ್ಷದ ಮುಖ. ಕೈಯಲ್ಲಿದ್ದ ಅಂಗಿಯ ತೋಳುಗಳನ್ನು ಹಿಂದಕ್ಕೆ ಮಡಚಿ, ಕಾಲರ್ ಒತ್ತಿ, ರಾಶಿಯ ಮೇಲಿಟ್ಟು ಅವಳು ಕೇಳಿದಳು: "ಮಿಸ್, ಎರಡು ವರ್ಷ ನಾನು ದಡ್ಡಿ ಅಂತ ಇದ್ನಲ್ಲ, ಅದನ್ನ ಏನ್ ಮಾಡ್ತೀರಿ?"

ಕ್ಷಮಿಸು ಎನ್ನುವುದಕ್ಕೆ ಬಂದಿದ್ದ ಸ್ಕೇಲ್ ಮಿಸ್ ಒಂದು ಅಂಗಿ ಎತ್ತಿಕೊಂಡು ಅವಳ ಜೊತೆ ಮಡಿಸುತ್ತ ಕೂತರು. ಅವರು ಮಡಿಸಿದ್ದು ಸೊಟ್ಟಗಾಗಿತ್ತು. ಹುಡುಗಿ ಅದನ್ನು ಬಿಚ್ಚಿ ಮತ್ತೆ ಮಡಿಸಿದಳು.

ಆಡಳಿತ ಮಂಡಳಿ ತಿಂಗಳೊಳಗೆ ಎಲ್ಲರಿಗೂ ನ್ಯಾಯ ಒದಗಿಸಿತು. ಮೇಲಿನ ಕೋಣೆಗೆ 'ಪ್ರತಿಭಾ ವರ್ಗ ಎ' ಎಂದು ಹೆಸರಾಯಿತು. ಕೆಳಗಿನ ಎಪ್ಪತ್ತೈದು ಮಂದಿಯನ್ನು ನಡುವೆ ಬೀರು ನಿಲ್ಲಿಸಿ ಎರಡು ಮಾಡಿ, 'ಪ್ರತಿಭಾ ವರ್ಗ ಬಿ', 'ಪ್ರತಿಭಾ ವರ್ಗ ಸಿ' ಎಂದು ಬೋರ್ಡು ತಗುಲಿಸಿದರು. ಕಿಟಕಿ ಒಂದೊಂದು ಪಾಲಿಗೆ ಬಂತು. ಶಾಲೆಯಲ್ಲಿ ಪ್ರತಿಭೆಯಿಲ್ಲದ ಮಗು ಒಂದೂ ಉಳಿಯಲಿಲ್ಲವೆಂದು ವಾರ್ಷಿಕ ವರದಿಯಲ್ಲಿ ಬರೆದರು. ಸ್ಕೇಲ್ ಮಿಸ್‌ಗೆ ಒಂದು ಮೆಮೊ ಬಂತು: ಮುಂದೆ ಕಾರ್ಡನ್ನು ಇಬ್ಬರು ಸಾಕ್ಷಿಗಳ ಎದುರು ಇಡತಕ್ಕದ್ದು.

ಅವರು ಆ ಕೆಲಸವನ್ನೇ ಬಿಟ್ಟರು, 'ಸಿ' ವರ್ಗ ಕೊಡಿ ಎಂದು ಕೇಳಿ ಪಡೆದರು. ಯಾಕಮ್ಮ ಅದೇ ವರ್ಗದಲ್ಲಿದ್ದಳು. ವಾರಕ್ಕೆ ಎರಡು ದಿನ ಮೇಲಿನ ಕೋಣೆಯಿಂದ ಒಂದು ಮೈಕ್ರೋಸ್ಕೋಪನ್ನು ತಾವೇ ಎತ್ತಿಕೊಂಡು, ಮೆಟ್ಟಿಲು ಇಳಿದು ತರುತ್ತಿದ್ದರು. ಮೂವತ್ತೆಂಟು ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಇಣುಕುವುದು. ಪಾಳಿ ಮುಗಿಯುವುದರೊಳಗೆ ಬೆಲ್ಲಾಗುತ್ತಿತ್ತು, ಉಳಿದವರಿಗೆ ಮುಂದಿನ ಸಲ. ಎಲ್ಲರೂ ಮಿಂಚಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಇಣುಕಿ ಆಕಳಿಸಿದರು. ಯಾಕಮ್ಮ ಮೊದಲ ಐದು ತಿಂಗಳು ಸುಮ್ಮನೆ ನೋಡಿ ಸುಮ್ಮನೆ ಹೋಗಿ ಕೂರುತ್ತಿದ್ದಳು. ಮಿಸ್ ಅವಳನ್ನು ಒತ್ತಾಯಿಸಲಿಲ್ಲ. ಬಿಚ್ಚಿ ಮತ್ತೆ ಕೂರಿಸುವುದಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಮೊನ್ನೆ ತರಕಾರಿ ಅಂಗಡಿಯಲ್ಲಿ ಒಬ್ಬ ಎಳೆಯ ತಾಯಿ ಅವರನ್ನು ಗುರುತು ಹಿಡಿದಳು. ಕಂಕುಳಲ್ಲಿ ಎರಡೂವರೆ ವರ್ಷದ ಮಗು, ಅದರ ಕೈಯಲ್ಲಿ ಕಚ್ಚಿದ ಕ್ಯಾರೆಟ್.

"ಮಿಸ್, ಪ್ರತಿಭಾ ವರ್ಗಕ್ಕೆ ಯಾವ ವಯಸ್ಸಿಂದ ತಯಾರಿ ಶುರು ಮಾಡ್ಬೇಕು? ಈಗ್ಲೇ ಲೇಟಾಯ್ತಾ?"

"ಚೆನ್ನಾಗಿ ಆಡ್ಲಿ, ಹೊಟ್ಟೆ ತುಂಬ ಉಣ್ಲಿ, ನಿದ್ದೆ ಮಾಡ್ಲಿ ಬಿಡಮ್ಮ."

ಆಕೆ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ ಮೊಬೈಲ್ ತೆಗೆದಳು. "ಒಂದ್ನಿಮಿಷ ಮಿಸ್, ಬರ್ಕೊತೀನಿ. ಆಟ... ಊಟ... ನಿದ್ದೆ. ದಿನಕ್ಕೆ ಎಷ್ಟೆಷ್ಟು ನಿಮಿಷ?"